ಮಿದುಳಿನ ದ್ರವಕ್ಕೆ ಉದರದ ಆಶ್ರಯ: ಷಂಟ್ ಶಸ್ತ್ರಚಿಕಿತ್ಸೆಯ ಔದರಿಕ ತೊಡಕುಗಳು

ಜಲಶೀರ್ಷವೆಂಬ ವ್ಯಾಧಿಯು ಮಿದುಳಿನ ಕುಹರಗಳಲ್ಲಿ ದ್ರವವನ್ನು ತಡೆದು ನಿಲ್ಲಿಸಿ, ಶಿಶುಗಳಲ್ಲಿ ತಲೆಯನ್ನೇ ಹಿಗ್ಗಿಸಿ, ಪ್ರಾಯಸ್ಥರಲ್ಲಿ ಹಿಗ್ಗಲಾರದ ಕಪಾಲದೊಳಗೆ ಒತ್ತಡವನ್ನೇರಿಸಿ, ದೃಷ್ಟಿಯನ್ನೂ ಬುದ್ಧಿಯನ್ನೂ ಕಡೆಗೆ ಪ್ರಾಣವನ್ನೂ ಅಪಹರಿಸಬಲ್ಲದು. ಪ್ರಾಯಸ್ಥರ ದೇಹದಲ್ಲಿ ಈ ದ್ರವವು ಯಾವ ಹೊತ್ತಿನಲ್ಲಿ ಅಳೆದರೂ ಸುಮಾರು 150 ಮಿಲಿಲೀಟರಿನಷ್ಟೇ ಇರುವುದಾದರೂ, ದಿನವೊಂದಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹೊಸದಾಗಿ ಸ್ರವಿಸುತ್ತಲೇ ಇರುವುದರಿಂದ, ಒಮ್ಮೆ ಬಸಿದು ಕೈತೊಳೆದುಕೊಳ್ಳುವ ಮಾತೇ ಇಲ್ಲ. ನಿತ್ಯವೂ ಹರಿಯುವುದಕ್ಕೆ ಒಂದು ಮಾರ್ಗವೂ ಹರಿದುದನ್ನು ಹೀರಿಕೊಳ್ಳುವುದಕ್ಕೆ ಒಂದು ತಾಣವೂ ಬೇಕು. ದ್ರವವನ್ನು ಮಿದುಳಿನಿಂದ ಉದರಕ್ಕೆ ಒಯ್ಯುವ ಷಂಟ್ ಎಂಬ ನಳಿಕೆಯ ಮಾರ್ಗವನ್ನು ಕುರಿತು, ಅದರ ಕವಾಟವನ್ನು ಕುರಿತು ನರಶಸ್ತ್ರವೈದ್ಯರು ಅಪಾರವಾಗಿ ಚಿಂತಿಸಿದ್ದಾರೆ. ತಾಣವಾದ ಉದರವನ್ನು ಮಾತ್ರ ನಿರ್ಜೀವವಾದ ಪಾತ್ರೆಯೆಂಬಂತೆ ಭಾವಿಸಿದ್ದೇ ಹೆಚ್ಚೆಂದೂ, ಷಂಟ್ ಧರಿಸಿದವನ ಹೊಟ್ಟೆಯ ಪ್ರತಿಯೊಂದು ದೂರನ್ನೂ ಮೊದಲು ಷಂಟಿನ ದೂರೆಂದೇ ಪರಿಗಣಿಸತಕ್ಕದ್ದೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಉದರವು ಈ ಪದವಿಗೆ ಬಂದದ್ದು ನೇರವಾದ ಹಾದಿಯಿಂದಲ್ಲ. ಜರ್ಮನಿಯ ಕೌಷ್ 1908ರಲ್ಲಿಯೇ ರಬ್ಬರಿನ ನಳಿಕೆಯಿಂದ ಮಿದುಳಿನ ಕುಹರವನ್ನು ಉದರಕ್ಕೆ ಕೂಡಿಸಲು ಯತ್ನಿಸಿದ್ದರು. ಆದರೆ ಅಂದಿನ ನಳಿಕೆಗಳನ್ನು ಉದರಪೊರೆಯು ಸೈರಿಸದೆ ಬಹುಬೇಗ ಸುತ್ತುವರಿದು ಮುಚ್ಚಿಬಿಡುತ್ತಿತ್ತು. 1949ರಲ್ಲಿ ನುಲ್ಸೆನ್ ಮತ್ತು ಸ್ಪಿಟ್ಜ್ ಅವರು ಕವಾಟಸಹಿತವಾದ ನಳಿಕೆಯನ್ನು ಕೊರಳಿನ ರಕ್ತನಾಳಕ್ಕೆ ಜೋಡಿಸಿದರು. ಅನಂತರ, ತನ್ನ ಮಗನೇ ಈ ವ್ಯಾಧಿಗೆ ತುತ್ತಾದುದನ್ನು ಕಂಡ ಹೋಲ್ಟರ್ ಎಂಬ ಕುಶಲಕರ್ಮಿಯು 1956ರಲ್ಲಿ ಸಿಲಿಕೋನಿನ ಕವಾಟವನ್ನು ರೂಪಿಸಿದ ಮೇಲೆ, ರಕ್ತನಾಳದ ಮೂಲಕ ದ್ರವವನ್ನು ಹೃದಯಕ್ಕೆ ಹರಿಸುವ ಮಾರ್ಗವೇ ರೂಢಿಯಾಯಿತು. ರಕ್ತಪ್ರವಾಹದಲ್ಲಿ ತುದಿಯನ್ನಿಟ್ಟ ನಳಿಕೆಗೆ ಸೋಂಕು ತಗುಲಿದರೆ ಮೂತ್ರಪಿಂಡಗಳು ಕೆಡುವುದೂ, ರಕ್ತದ ಹೆಪ್ಪುಗಳು ಶ್ವಾಸಕೋಶವನ್ನು ಸೇರುವುದೂ, ಬೆಳೆಯುವ ಮಗುವಿಗೆ ನಳಿಕೆಯು ಗಿಡ್ಡವಾಗುವುದೂ ಅನುಭವಕ್ಕೆ ಬಂದಾಗ ವೈದ್ಯರು ಮರಳಿ ಉದರದತ್ತ ತಿರುಗಿದರು. 1967ರಲ್ಲಿ ಏಮ್ಸ್ ಎಂಬವರು ಸಿಲಿಕೋನ್ ನಳಿಕೆಯ ಫಲವನ್ನು ಪ್ರಕಟಿಸಿದುದು ಈ ಹಿಂತಿರುಗುವಿಕೆಗೆ ಬಲವಾದ ಆಧಾರವಾಯಿತು.

ಸಿಲಿಕೋನನ್ನು ಉದರಪೊರೆಯು ಸೈರಿಸಿತೆಂಬುದು ನಿಜ, ಆದರೆ ಷರತ್ತಿಲ್ಲದೆ ಅಲ್ಲ. ನಳಿಕೆಯ ತುದಿಯ ಸುತ್ತ ಪೊರೆಯೂ ಕರುಳಿನ ಮಡಿಕೆಗಳೂ ಅಂಟಿಕೊಂಡು, ದ್ರವವು ಹೀರಲ್ಪಡದೆ ಒಂದೆಡೆ ಶೇಖರವಾಗಿ ಉಂಟಾಗುವ ಮಿಥ್ಯಾಕೋಶವನ್ನು ಹಾರ್ಷ್ ಎಂಬವರು 1954ರಲ್ಲಿಯೇ ವರ್ಣಿಸಿದ್ದರು. ಇದಕ್ಕೆ ಹಲವು ಕಾರಣಗಳನ್ನು ಹೇಳುವುದುಂಟು: ಹಿಂದಿನ ಶಸ್ತ್ರಕ್ರಿಯೆಗಳ ಕಲೆ, ದ್ರವದಲ್ಲಿ ಪ್ರೋಟೀನಿನ ಆಧಿಕ್ಯ, ಪದೇ ಪದೇ ನಡೆದ ಷಂಟ್ ಬದಲಾವಣೆ. ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಶಂಕಿಸತಕ್ಕದ್ದು ಮಂದಗತಿಯ ಸೋಂಕನ್ನು. ಚರ್ಮವಾಸಿಯಾದ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್‌ನಂಥ ಜೀವಾಣುಗಳು ಜ್ವರವನ್ನೂ ಉಂಟುಮಾಡದೆ ತಿಂಗಳುಗಟ್ಟಲೆ ನಳಿಕೆಯ ಮೇಲೆ ನೆಲಸಬಲ್ಲವು. ಮಕ್ಕಳಲ್ಲಿ ಹೊಟ್ಟೆನೋವಿನೊಡನೆ ತಲೆನೋವು, ವಾಂತಿ, ಮಂಕು ಕೂಡಿ ಬರಬಹುದು; ಪ್ರಾಯಸ್ಥರಲ್ಲಿ ಹೊಟ್ಟೆಯ ಉಬ್ಬರವೊಂದೇ ಕಾಣಿಸೀತು. ಅಲ್ಟ್ರಾಸೌಂಡ್ ಪರೀಕ್ಷೆಯು ಕೋಶವನ್ನೂ ಅದರೊಳಗಿನ ನಳಿಕೆಯ ತುದಿಯನ್ನೂ ಸುಲಭವಾಗಿ ತೋರಿಸಿಕೊಡುವುದು. ಕೋಶಕ್ಕೆ ಸೂಜಿಯಿಟ್ಟು ಬಸಿದು ಸುಮ್ಮನಾದರೆ ಅದು ಮರಳಿ ತುಂಬುವುದೇ ಹೆಚ್ಚು. ನಳಿಕೆಯ ಕೆಳತುದಿಯನ್ನು ಹೊರಗೆ ತಂದು, ದ್ರವವನ್ನು ಜೀವಾಣುಕೃಷಿಯ ಪರೀಕ್ಷೆಗೆ ಕಳುಹಿಸಿ, ಸೋಂಕು ಇಲ್ಲವೆಂಬುದೋ ನೀಗಿತೆಂಬುದೋ ಖಚಿತವಾದ ಬಳಿಕವೇ ಉದರದ ಬೇರೊಂದು ಭಾಗದಲ್ಲಿ ಅದನ್ನು ಮರಳಿ ಇಡುವುದು ಯುಕ್ತ.

ಇದಕ್ಕಿಂತ ವಿರಳವಾದರೂ ಇದಕ್ಕಿಂತ ಕ್ರೂರವಾದ ತೊಡಕು ಕರುಳಿನ ರಂಧ್ರ. 1966ರಲ್ಲಿ ವಿಲ್ಸನ್ ಮತ್ತು ಬರ್ಟನ್ ಇದನ್ನು ವರದಿಮಾಡಿದ ಮೇಲೆ ಅಂಥ ವೃತ್ತಾಂತಗಳು ನಾನಾ ದೇಶಗಳಿಂದ ಬರುತ್ತಲೇ ಇವೆ; ಷಂಟ್ ಪಡೆದವರಲ್ಲಿ ಶೇಕಡ ಒಂದಕ್ಕಿಂತ ಕಡಮೆ ಜನರಲ್ಲಿ ಇದು ಸಂಭವಿಸುವುದೆಂದು ಸಾಮಾನ್ಯವಾದ ಗಣನೆ. ನಳಿಕೆಯ ತುದಿಯು ಕರುಳಿನ ಗೋಡೆಯ ಒಂದೇ ಬಿಂದುವನ್ನು ಬಹುಕಾಲ ಒತ್ತಿ, ಅಲ್ಲಿ ಉರಿಯೂತವನ್ನೆಬ್ಬಿಸಿ, ಮೆಲ್ಲಮೆಲ್ಲನೆ ಒಳಗೆ ಇಳಿಯುವುದರಿಂದ, ಇಳಿಯುವಷ್ಟರಲ್ಲಿ ಅದರ ಸುತ್ತ ನಾರಿನ ಕವಚವೊಂದು ಕಟ್ಟಿಕೊಂಡಿರುತ್ತದೆ. ಆ ಕವಚವು ಮಲವನ್ನು ಉದರಕ್ಕೆ ಸೋರಗೊಡದಾದ ಕಾರಣ, ಹೊಟ್ಟೆಯು ಹಲಗೆಯಂತೆ ಬಿಗಿಯುವುದಾಗಲಿ ತೀವ್ರವಾದ ನೋವಾಗಲಿ ಬಹುಮಂದಿಯಲ್ಲಿ ಕಾಣುವುದಿಲ್ಲ. ತಾಯಿಯು ಮಗುವಿನ ಗುದದ್ವಾರದಲ್ಲಿ ನಳಿಕೆಯು ಇಣುಕುವುದನ್ನು ಕಂಡು ಗಾಬರಿಯಿಂದ ಓಡಿಬರುವವರೆಗೆ ಯಾರಿಗೂ ಸುಳಿವು ಸಿಕ್ಕದಿರಬಹುದು. ಅಷ್ಟರೊಳಗೆ ಕರುಳಿನ ಜೀವಾಣುಗಳು ನಳಿಕೆಯನ್ನೇ ಸೋಪಾನವಾಗಿ ಮಾಡಿಕೊಂಡು ಮೇಲೇರಿ ಮೆನಿಂಜೈಟಿಸನ್ನು ಉಂಟುಮಾಡಿಯಾವು. ಷಂಟ್ ಧರಿಸಿದವರ ಮಿದುಳಿನ ದ್ರವದಲ್ಲಿ ಎಸ್ಚೆರಿಷಿಯ ಕೋಲಿಯಂಥ ಕರುಳುವಾಸಿ ಜೀವಾಣುವು ಬೆಳೆದರೆ, ಹೊಟ್ಟೆಯು ಎಷ್ಟೇ ಮೃದುವಾಗಿರಲಿ, ಕರುಳನ್ನೇ ಶಂಕಿಸಬೇಕು.

ಇಂಥಲ್ಲಿ ಅವಸರದ ಕೈ ಮಾಡುವ ಅನರ್ಥ ದೊಡ್ಡದು. ಮಲದಿಂದ ಮಲಿನವಾದ ತುದಿಯನ್ನು ಬಂದ ದಾರಿಯಲ್ಲೇ ಮೇಲಕ್ಕೆ ಎಳೆದರೆ ಚರ್ಮದಡಿಯ ಮಾರ್ಗವೆಲ್ಲ ಕಲುಷಿತವಾಗುವುದು. ಆದುದರಿಂದ ನಳಿಕೆಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಕತ್ತರಿಸಿ ಬೇರ್ಪಡಿಸಿ, ಕೆಳಗಿನ ತುಂಡನ್ನು ಗುದದ್ವಾರದಿಂದಲೇ ಹೊರತೆಗೆದು, ಷಂಟಿನ ಉಳಿದ ಭಾಗವನ್ನೂ ತೆಗೆದು, ದ್ರವವನ್ನು ಕೆಲಕಾಲ ಹೊರಕ್ಕೆ ಹರಿಯಬಿಟ್ಟು, ತಕ್ಕ ಪ್ರತಿಜೀವಕಗಳನ್ನು ಕೊಡುವರು. ಉದರಪೊರೆಯ ಉರಿಯೂತವಿಲ್ಲದಿದ್ದರೆ ಹೊಟ್ಟೆಯನ್ನು ತೆರೆಯಬೇಕಾದ ಪ್ರಮೇಯವೇ ಬಾರದು. ರಂಧ್ರವು ತಾನಾಗಿ ಮುಚ್ಚಿಕೊಳ್ಳುವುದು. ಲೋಹದ ಸುರುಳಿಯನ್ನು ಒಳಗೊಂಡ ಹಳೆಯ ಗಡುಸು ನಳಿಕೆಗಳು ಕರುಳನ್ನು ತೂತುಮಾಡುವ ಈ ಅಪರಾಧಕ್ಕೆ ವಿಶೇಷವಾಗಿ ಹೊಣೆಯಾಗಿದ್ದವು. ಶಿಶುವಿನ ಮುಂದಿನ ಬೆಳವಣಿಗೆಯನ್ನು ನೆನೆದು ಉದ್ದವಾದ ನಳಿಕೆಯನ್ನಿಡುವುದು ಇದಕ್ಕೆ ಕಾರಣವೆಂಬ ಆಕ್ಷೇಪವು ಅಷ್ಟು ಗಟ್ಟಿಯಾದುದೆಂದು ನನಗೆ ತೋರುವುದಿಲ್ಲ. ಗಿಡ್ಡ ನಳಿಕೆಯು ಬೆಳೆಯುವ ಮಗುವಿನಲ್ಲಿ ಮತ್ತೊಂದು ಶಸ್ತ್ರಕ್ರಿಯೆಯನ್ನು ಬೇಡುವುದಂತೂ ನಿಶ್ಚಯ.

ಗಂಡುಶಿಶುಗಳಲ್ಲಿ ವೃಷಣವು ಇಳಿದುಬಂದ ದಾರಿಯು ಮುಚ್ಚದೆ ಉಳಿದಿದ್ದರೆ, ಹೊಸದಾಗಿ ಸೇರಿದ ದ್ರವದ ಒತ್ತಡದಿಂದ ತೊಡೆಸಂದಿನ ಹರ್ನಿಯಾ ಪ್ರಕಟವಾಗುವುದೂ, ನಳಿಕೆಯೇ ವೃಷಣಕೋಶಕ್ಕೆ ಇಳಿಯುವುದೂ ಉಂಟು. ಜಲೋದರವು ಅಪರೂಪ; ಕುಹರಗಳೊಳಗಿನ ಗಡ್ಡೆಯೊಂದು ಉದರವು ಹೀರಲಾರದಷ್ಟು ದ್ರವವನ್ನು ಸ್ರವಿಸುವಾಗ ಅದು ಬರಬಹುದು.

ಭಾರತದ ಆಸ್ಪತ್ರೆಗಳಲ್ಲಿ ಕ್ಷಯಜನ್ಯ ಮೆನಿಂಜೈಟಿಸಿನಿಂದ ಜಲಶೀರ್ಷಕ್ಕೊಳಗಾದವರು ಅನೇಕರಿರುವುದರಿಂದ ಈ ವಿಷಯಕ್ಕೆ ನಮ್ಮಲ್ಲಿ ವಿಶೇಷ ತೂಕವುಂಟು. ಅಂಥವರ ದ್ರವದಲ್ಲಿ ಪ್ರೋಟೀನು ಅಧಿಕವಾಗಿದ್ದು, ದೇಹವು ಕೃಶವಾಗಿದ್ದು, ಕೆಲವರ ಉದರದಲ್ಲಿಯೂ ಕ್ಷಯವೇ ಅಡಗಿರಬಹುದು. ಊರಿಗೆ ಮರಳಿದ ಮೇಲೆ ಅವರ ಹೊಟ್ಟೆನೋವನ್ನು ಮೊದಲು ನೋಡುವವರು ನರಶಸ್ತ್ರವೈದ್ಯರಲ್ಲ, ಊರಿನ ವೈದ್ಯರು. ಷಂಟಿನ ಸಂಗತಿಯನ್ನು ಬರೆದ ಚೀಟಿಯೊಂದು ರೋಗಿಯ ಕೈಯಲ್ಲಿಲ್ಲದಿದ್ದರೆ ಮಿಥ್ಯಾಕೋಶವು ಅಜೀರ್ಣವೆಂದೋ ಅಪೆಂಡಿಸೈಟಿಸ್ ಎಂದೋ ಭ್ರಮೆ ಹುಟ್ಟಿಸುವುದು ಸಹಜ. ಬರಿಯ ಮಲಬದ್ಧತೆಯಿಂದ ಹೊಟ್ಟೆಯ ಒತ್ತಡವೇರಿ ಷಂಟಿನ ಹರಿವು ಕುಗ್ಗಿದ ಪ್ರಸಂಗಗಳೂ ವರದಿಯಾಗಿವೆ.

ಉದರವು ಸಂಪೂರ್ಣವಾಗಿ ವಿಮುಖವಾದಾಗ ಹೃದಯದ ಬಲ ಹೃತ್ಕರ್ಣವೋ ಶ್ವಾಸಕೋಶದ ಪೊರೆಯ ಎಡೆಯೋ, ಅಪರೂಪಕ್ಕೆ ಪಿತ್ತಕೋಶವೋ ತಾಣವಾಗುವುದು; ಅವುಗಳಿಗೂ ತಮ್ಮ ತಮ್ಮ ಉಪದ್ರವಗಳುಂಟು. ನಳಿಕೆಯನ್ನೇ ಇಡದೆ, ಅಂತರ್ದರ್ಶಕದ ಮೂಲಕ ಮೂರನೆಯ ಕುಹರದ ತಳದಲ್ಲಿ ದ್ವಾರವನ್ನು ತೆರೆದು ದ್ರವಕ್ಕೆ ಒಳಗೇ ಹಾದಿ ಮಾಡಿಕೊಡುವ ವಿಧಾನವು ಮಾರ್ಗವು ಮುಚ್ಚಿದ ಜಲಶೀರ್ಷದಲ್ಲಿ ಉತ್ತಮ ಫಲವನ್ನು ಕೊಡುತ್ತಿದೆ. ಉಗಾಂಡದ ಎಂಬಾಲೆಯಲ್ಲಿ ಇದರೊಡನೆ ದ್ರವವನ್ನು ಸ್ರವಿಸುವ ಅಂಗಾಂಶವನ್ನು ಸುಡುವ ಕ್ರಮವನ್ನೂ ಕೂಡಿಸಿ, ಆರು ತಿಂಗಳೊಳಗಿನ 100 ಶಿಶುಗಳಲ್ಲಿ ಷಂಟಿನೊಡನೆ ಹೋಲಿಸಿ ನೋಡಿದ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು; ವರ್ಷವೊಂದು ಕಳೆದಾಗ ಎರಡು ಗುಂಪುಗಳ ಬುದ್ಧಿವಿಕಾಸದಲ್ಲಿ ಗಣನೀಯವಾದ ಅಂತರವು ಕಾಣಲಿಲ್ಲ. ಷಂಟ್ ಇಡಿಸಿಕೊಂಡ ಮಗುವು, ಅದು ಮುರಿದೀತು, ಮುಚ್ಚೀತು ಎಂಬ ಭಯದೊಡನೆ ದೊಡ್ಡ ಆಸ್ಪತ್ರೆಯಿಂದ ದೂರದ ಹಳ್ಳಿಯಲ್ಲಿ ಬೆಳೆಯಬೇಕಾದಲ್ಲಿ, ಬುದ್ಧಿಯ ಫಲವು ಸಮಾನವಾಗಿರುವಾಗ ಉದರವನ್ನು ಈ ಹೊಣೆಯಿಂದ ಬಿಡಿಸುವ ಚಿಕಿತ್ಸೆಯನ್ನು ಮೊದಲು ಪರಿಶೀಲಿಸುವುದು ನ್ಯಾಯವೆಂದು ನಾನು ಎಣಿಸುತ್ತೇನೆ.