ಗೇರ್ ಬದಲಿಸುವ ಎಣ್ಣೆ: ಹೈಡ್ರಾಮ್ಯಾಟಿಕ್‌ನಿಂದ ಮೆಕಾಟ್ರಾನಿಕ್‌ವರೆಗೆ

ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ತಾನಾಗಿ ಬೀಳುವುದು ಕಂಪ್ಯೂಟರಿನಿಂದ ಎಂಬ ನಂಬಿಕೆ ಈಗ ಸಾಮಾನ್ಯ. ಆದರೆ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ, 1939ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಕೂರಿಸಿತ್ತು. ಎಣ್ಣೆಯ ಒತ್ತಡ, ಸ್ಪ್ರಿಂಗುಗಳು, ನುಣುಪಾಗಿ ಕಡೆದ ಉಕ್ಕಿನ ವಾಲ್ವುಗಳು, ಇವಿಷ್ಟೇ ಸೇರಿ ಅದರಲ್ಲಿ ಗೇರಿನ ನಿರ್ಧಾರ ಮಾಡುತ್ತಿದ್ದವು. ಈ ಕ್ಷೇತ್ರಕ್ಕೆ ಮೊದಲಿನಿಂದಲೂ ಎರಡು ಪ್ರಶ್ನೆಗಳಿವೆ: ಗೇರನ್ನು ಯಾವಾಗ ಬದಲಿಸಬೇಕು, ಕುಲುಕದಂತೆ ಹೇಗೆ ಬದಲಿಸಬೇಕು. ಮೊದಲನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಎರಡನೆಯದು ಮುಂದಿನ ಅರುವತ್ತು ವರ್ಷ ಎಂಜಿನಿಯರುಗಳನ್ನು ಕಾಡಿತು.

ಹೈಡ್ರಾಮ್ಯಾಟಿಕ್ ತಂಡದ ನಾಯಕ ಅರ್ಲ್ ಥಾಂಪ್ಸನ್. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ಸಿಂಕ್ರೊಮೆಶ್ ಗೇರ್‌ಬಾಕ್ಸ್ ಕೂಡ ಅವರದೇ ಕಾಣಿಕೆ. ಎಂಜಿನ್ ಮತ್ತು ಗೇರುಗಳ ನಡುವೆ ಅವರ ತಂಡ ಎಣ್ಣೆ ತುಂಬಿದ ಫ್ಲೂಯಿಡ್ ಕಪ್ಲಿಂಗ್ ಇಟ್ಟಿತು. ಅದರ ಮೂಲ, ಹಡಗುಗಳಿಗಾಗಿ ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಯೋಜನೆ. ಈ ಕಪ್ಲಿಂಗಿನ ಹಿಂದೆ ಎರಡು ಪ್ಲಾನೆಟರಿ ಗೇರ್ ಜೋಡಣೆಗಳು. ಇವುಗಳಲ್ಲಿ ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಒಂದು ಭಾಗವನ್ನು ಬ್ಯಾಂಡ್ ಬಿಗಿದು ನಿಲ್ಲಿಸಿದರೆ ಒಂದು ಗೇರ್, ಎರಡು ಭಾಗಗಳನ್ನು ಕ್ಲಚ್‌ನಿಂದ ಬೆಸೆದರೆ ಇನ್ನೊಂದು. ಗೇರ್ ಬದಲಿಸುವುದೆಂದರೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಎಂದಾದ ಮೇಲೆ, ಆ ಹಿಡಿತಕ್ಕೆ ಎಣ್ಣೆ ತಳ್ಳುವ ಪಿಸ್ಟನ್ ಸಾಕಾಯಿತು.

ಈಗ ನಿರ್ಧಾರದ ಮಾತು. ಹೈಡ್ರಾಲಿಕ್ ಗೇರ್‌ಬಾಕ್ಸಿನ ಹೊಟ್ಟೆಯಲ್ಲಿ ವಾಲ್ವ್ ಬಾಡಿ ಎಂಬ ಲೋಹದ ಅಚ್ಚು ಇರುತ್ತದೆ. ಅದರ ತುಂಬ ಎಣ್ಣೆ ಹರಿಯುವ ಅಂಕುಡೊಂಕು ಕಾಲುವೆಗಳು, ನಡುನಡುವೆ ಜಾರುವ ವಾಲ್ವುಗಳು. ಪ್ರತಿ ಶಿಫ್ಟ್ ವಾಲ್ವಿನ ಒಂದು ತುದಿಯನ್ನು ಗವರ್ನರ್ ಒತ್ತಡ ತಳ್ಳುತ್ತದೆ. ಗವರ್ನರ್ ಹೊರಹೋಗುವ ಶಾಫ್ಟಿನ ಜೊತೆ ತಿರುಗುತ್ತದೆ. ವೇಗ ಹೆಚ್ಚಿದಂತೆ ಅದರ ತೂಕಗಳು ಹೊರಕ್ಕೆ ಚಿಮ್ಮಿ ಎಣ್ಣೆಯ ಒತ್ತಡ ಏರಿಸುತ್ತವೆ. ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಮತ್ತು ಆಕ್ಸಿಲರೇಟರ್ ತುಳಿದಷ್ಟೂ ಏರುವ ಥ್ರಾಟಲ್ ಒತ್ತಡ. ಗವರ್ನರ್ ಗೆದ್ದ ಕ್ಷಣ ವಾಲ್ವ್ ಸರಿದು ಮೇಲಿನ ಗೇರಿನ ಕ್ಲಚ್‌ಗೆ ದಾರಿ ತೆರೆಯುತ್ತದೆ. ಮೆಲ್ಲಗೆ ತುಳಿದರೆ ಮೇಲಿನ ಗೇರ್ ಬೇಗ, ಜೋರಾಗಿ ತುಳಿದರೆ ತಡವಾಗಿ. ಚಾಲಕನ ಮನಸ್ಸಿನ ಅವಸರ ಮತ್ತು ಗಾಡಿಯ ನಿಜವಾದ ವೇಗ ಎರಡನ್ನೂ ಬೆರಳುದ್ದದ ಉಕ್ಕಿನ ತುಂಡು ಪ್ರತಿ ಕ್ಷಣ ತೂಗುತ್ತಿತ್ತು. ಇಪ್ಪತ್ತನೇ ಶತಮಾನದ ಯಂತ್ರಕಲೆಯಲ್ಲಿ ಇಷ್ಟು ಚೆಲುವಾದ ಲೆಕ್ಕಾಚಾರ ಹೆಚ್ಚಿಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ.

ಅದರ ಸೂಕ್ಷ್ಮಗಳು ಇನ್ನೂ ಬೆರಗಿನವು. ಮೇಲೇರುವ ವೇಗವೂ ಕೆಳಗಿಳಿಯುವ ವೇಗವೂ ಒಂದೇ ಆಗಿದ್ದರೆ ಏರು ರಸ್ತೆಯಲ್ಲಿ ಗೇರ್ ಎರಡರ ನಡುವೆ ತೊಯ್ದಾಡುತ್ತಲೇ ಇರುತ್ತಿತ್ತು. ಅದಕ್ಕಾಗಿ, ವಾಲ್ವ್ ಒಮ್ಮೆ ಸರಿದರೆ ತನ್ನನ್ನು ತಡೆಯುತ್ತಿದ್ದ ಥ್ರಾಟಲ್ ಒತ್ತಡದ ದಾರಿಯನ್ನು ತಾನೇ ಮುಚ್ಚುವಂತೆ ಮಾಡಿದರು. ವೇಗ ಸಾಕಷ್ಟು ಕುಸಿಯುವವರೆಗೆ ಅದು ಹಿಂದಿರುಗದು. ಗವರ್ನರಿನದು ಇನ್ನೊಂದು ತೊಡಕು: ಕೇಂದ್ರತ್ಯಾಗಿ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ನಿಧಾನದಲ್ಲಿ ಒತ್ತಡ ತೀರಾ ಕಡಿಮೆ, ಓಟದಲ್ಲಿ ತೀರಾ ಹೆಚ್ಚು. ಆದ್ದರಿಂದ ನಿಧಾನಕ್ಕೊಂದು ಭಾರದ ತೂಕ, ವೇಗಕ್ಕೊಂದು ಹಗುರ ತೂಕ ಇಟ್ಟರು.

ಕುಲುಕಾಟದ ಸಮಸ್ಯೆ ಮಾತ್ರ ಉಳಿಯಿತು. ಹೈಡ್ರಾಮ್ಯಾಟಿಕ್‌ನ ಎರಡರಿಂದ ಮೂರನೇ ಗೇರಿನ ಜಿಗಿತ ಇದಕ್ಕೆ ಕುಖ್ಯಾತ. ಅಲ್ಲಿ ಮುಂದಿನ ಜೋಡಣೆ ನೇರ ಓಟದಿಂದ ಇಳಿಕೆಗೆ, ಹಿಂದಿನದು ಇಳಿಕೆಯಿಂದ ನೇರ ಓಟಕ್ಕೆ ಒಂದೇ ಹೊತ್ತಿಗೆ ಬದಲಾಗಬೇಕು. ಎರಡು ಬ್ಯಾಂಡ್, ಎರಡು ಕ್ಲಚ್, ನಾಲ್ಕರದೂ ಪಾಳಿ ಬದಲು. ಒಂದು ಕ್ಷಣ ತಪ್ಪಿದರೆ ಎಂಜಿನ್ ಅರಚುತ್ತದೆ ಅಥವಾ ಕಾರು ಮುಗ್ಗರಿಸುತ್ತದೆ. 1948ರಲ್ಲಿ ಬ್ಯೂಕ್ ತನ್ನ ಡೈನಾಫ್ಲೋದಲ್ಲಿ ಗೇರ್ ಬದಲಾವಣೆಯನ್ನೇ ಬಿಟ್ಟು ಎಲ್ಲವನ್ನೂ ತಿರುಗುಬಲವನ್ನು ಹೆಚ್ಚಿಸಬಲ್ಲ ಕಪ್ಲಿಂಗ್ ಆದ ಟಾರ್ಕ್ ಕನ್ವರ್ಟರ್ ಹೆಗಲಿಗೆ ಹಾಕಿತು. ಪಯಣ ಬೆಣ್ಣೆಯಂತಿತ್ತು, ಪಿಕಪ್ ಇರಲಿಲ್ಲ. 1956ರಲ್ಲಿ ಎರಡು ದಾರಿ ತೆರೆದವು. ಹೈಡ್ರಾಮ್ಯಾಟಿಕ್ ತನ್ನ ಮುಂದಿನ ಜೋಡಣೆಯ ಕ್ಲಚ್‌ನ ಕೆಲಸವನ್ನು ತುಂಬಿ ಬರಿದಾಗುವ ಇನ್ನೊಂದು ಪುಟ್ಟ ಫ್ಲೂಯಿಡ್ ಕಪ್ಲಿಂಗಿಗೆ ಒಪ್ಪಿಸಿತು: ಜಾಣ ಉಪಾಯ, ಆದರೆ ದುಬಾರಿ, ಜಟಿಲ. ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್ ಹವರ್ಡ್ ಸಿಂಪ್ಸನ್ ರೂಪಿಸಿದ ಸರಳ ಗೇರ್ ಜೋಡಣೆ, ಟಾರ್ಕ್ ಕನ್ವರ್ಟರ್ ಮತ್ತು ಮೂರೇ ಗೇರುಗಳನ್ನು ನೆಚ್ಚಿತು. ಗೆದ್ದದ್ದು ಈ ಸರಳತೆ. ಜೊತೆಗೆ ಕ್ಲಚ್‌ನ ದಾರಿಯಲ್ಲಿ ಅಕ್ಯುಮುಲೇಟರ್ ಎಂಬ ಸ್ಪ್ರಿಂಗ್ ಪಿಸ್ಟನ್ ಒತ್ತಡದ ಹೊಡೆತವನ್ನು ಅರೆಕ್ಷಣ ಹೀರಿಕೊಂಡು ಹಿಡಿತವನ್ನು ಮೆತ್ತಗಾಗಿಸುತ್ತಿತ್ತು.

ಎಣ್ಣೆಯ ಗುಣವೂ ಅಷ್ಟೇ ಮುಖ್ಯವಾಯಿತು. ಕ್ಲಚ್ ನಯವಾಗಿ ಹಿಡಿಯಲೆಂದು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಟ್ರಾನ್ಸ್‌ಮಿಷನ್ ಆಯಿಲ್‌ಗೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಆ ಜೀವಿಯನ್ನು ಉಳಿಸುವ ಕಾನೂನು ಅಮೆರಿಕದಲ್ಲಿ ಬಂದಾಗ ಬದಲಿಗಳನ್ನು ಹುಡುಕಬೇಕಾಯಿತು. ಕಾರು ನಯವಾಗಿ ಸಾಗಲೆಂದು ಒಂದು ಜೀವಿಯನ್ನು ಕೊಲ್ಲುತ್ತಿದ್ದುದು ಈ ಇತಿಹಾಸದ ನೋವಿನ ಪುಟ.

ಎಲೆಕ್ಟ್ರಾನಿಕ್ಸ್ ಬಂದಾಗ ಮೊದಲು ಕೆಲಸ ಕಳೆದುಕೊಂಡದ್ದು ಗವರ್ನರ್. ಜನರಲ್ ಮೋಟಾರ್ಸ್‌ನ 4ಎಲ್60 ಗೇರ್‌ಬಾಕ್ಸ್ 1993ರಲ್ಲಿ 4ಎಲ್60-ಇ ಆಯಿತು; ಗೇರುಗಳು ಬಹುಮಟ್ಟಿಗೆ ಹಳೆಯವೇ, ಶಿಫ್ಟ್ ವಾಲ್ವುಗಳನ್ನು ಸರಿಸುವ ಆದೇಶ ಮಾತ್ರ ವಿದ್ಯುತ್ತಿನಿಂದ ಆಡುವ ಸೊಲೆನಾಯ್ಡ್‌ಗಳಿಂದ. ನಿಜವಾದ ಲಾಭ ಬೇರೆಯೇ ಇತ್ತು. 1989ರ ಕ್ರೈಸ್ಲರ್ ಅಲ್ಟ್ರಾಡ್ರೈವ್ ಶಾಫ್ಟುಗಳ ವೇಗ ಅಳೆದು, ಪ್ರತಿ ಕ್ಲಚ್ ತುಂಬಲು ಎಷ್ಟು ಎಣ್ಣೆ ಬೇಕೆಂದು ಕಲಿತು, ಕ್ಲಚ್ ಸವೆದಂತೆ ಆ ಲೆಕ್ಕವನ್ನು ತಿದ್ದಿಕೊಳ್ಳುತ್ತಿತ್ತು. ಒಂದು ಕ್ಲಚ್ ಬಿಡುವಷ್ಟರಲ್ಲೇ ಇನ್ನೊಂದು ಹಿಡಿಯುವ ಕರಾರುವಾಕ್ಕುತನ ಇದರಿಂದ ಸಾಧ್ಯವಾಯಿತು. 2001ರಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿ ಬಿಎಂಡಬ್ಲ್ಯು 7 ಸೀರೀಸ್‌ಗೆ ಆರು ಗೇರಿನ ಪೆಟ್ಟಿಗೆ ಕೊಟ್ಟಾಗ ಕಂಪ್ಯೂಟರನ್ನೇ ವಾಲ್ವ್ ಬಾಡಿಗೆ ಬೆಸೆದು ಗೇರ್‌ಬಾಕ್ಸಿನ ಒಳಗೇ ಇಟ್ಟಿತ್ತು; ಅದೇ ಮೆಕಾಟ್ರಾನಿಕ್. ಅದೇ ಕಂಪನಿಯ 2009ರ ಎಂಟು ಗೇರಿನ ಪೆಟ್ಟಿಗೆಯಲ್ಲಿ ಹಿಡಿಯುವ ಅಂಗಗಳು ಐದೇ, ಯಾವ ಗೇರಿನಲ್ಲೂ ಬಿಟ್ಟುಕೊಂಡಿರುವವು ಎರಡೇ.

ಭಾರತದಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಹಬ್ಬಿದ ಎಎಂಟಿ ಈ ವಂಶದ್ದಲ್ಲ. ಅಲ್ಲಿ ಮಾಮೂಲಿ ಕ್ಲಚ್ ಮತ್ತು ಗೇರುಗಳನ್ನು ಕಾಲು, ಕೈಗಳ ಬದಲು ಎಣ್ಣೆಯ ಪಿಸ್ಟನ್‌ಗಳು ಆಡಿಸುತ್ತವೆ. ನಡುವೆ ಎಂಜಿನ್ನಿನ ಎಳೆತ ಅರೆಕ್ಷಣ ಕಡಿದುಹೋಗುವುದರಿಂದಲೇ ಕಾರು ತಲೆದೂಗಿದಂತೆ ಅನಿಸುವುದು. ಬಿಡದಿಯಲ್ಲಿ ತಯಾರಾದ 2016ರ ಇನ್ನೋವಾ ಕ್ರಿಸ್ಟಾದ ಆರು ಗೇರಿನ ಆಟೊಮ್ಯಾಟಿಕ್ ಓಡಿಸಿದವರಿಗೆ ಈ ಅಂತರ ಥಟ್ಟನೆ ತಿಳಿಯುತ್ತದೆ.

ಇಷ್ಟಾದರೂ ಕ್ಲಚ್ ಒತ್ತುವುದು ಎಣ್ಣೆಯೇ, ಎಣ್ಣೆಗೆ ಒತ್ತಡ ಕೊಡಲು ಪಂಪ್ ತಿರುಗಲೇಬೇಕು. ಹಳೆಯ ಹಲವು ಪೆಟ್ಟಿಗೆಗಳಲ್ಲಿ ಚಕ್ರದ ಕಡೆಯಿಂದ ತಿರುಗುವ ಎರಡನೇ ಪಂಪ್ ಇತ್ತು. ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು. ಅದನ್ನು ಕೈಬಿಟ್ಟ ಮೇಲೆ ಆ ಅನುಕೂಲ ಹೋಯಿತು. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಕಾರುಗಳು ಬಂದಾಗ ಅದೇ ಸಮಸ್ಯೆ ಬೇರೆ ರೂಪದಲ್ಲಿ ಮರಳಿತು: ಎಂಜಿನ್ ನಿಂತರೆ ಒತ್ತಡ ಇಳಿಯುತ್ತದೆ, ಹಸಿರು ದೀಪ ಬಿದ್ದಾಗ ಕ್ಲಚ್ ತುಂಬಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಝಡ್‌ಎಫ್ ಎಂಟು ಗೇರಿನ ಪೆಟ್ಟಿಗೆಯಲ್ಲಿ ಸ್ಪ್ರಿಂಗ್ ಬಿಗಿದ ಪಿಸ್ಟನ್ನಿನ ಹಿಂದೆ ಒಂದಿಷ್ಟು ಎಣ್ಣೆ ಕೂಡಿಟ್ಟಿತು. ಎಂಜಿನ್ ಮತ್ತೆ ಹೊತ್ತಿಕೊಳ್ಳುವಾಗ ಅದು ಕ್ಲಚ್‌ಗಳಿಗೆ ನುಗ್ಗಿ ಕಾರನ್ನು ಹೊರಡಿಸುತ್ತದೆ.