ಬೋರಲು ಬಿದ್ದ ವೀರ

ಬೇತಮಂಗಲ ಕೆರೆಯ ಆಚೆ ದಡದ ಹಳ್ಳಿಯೊಂದರಲ್ಲಿ ನನ್ನ ಸೋದರಮಾವನ ಮನೆ. ಹಿತ್ತಲ ಬಚ್ಚಲಿನ ಪಕ್ಕ ಬಟ್ಟೆ ಒಗೆಯಲು ಒಂದು ಚಪ್ಪಡಿ ಹಾಕಿದ್ದರು. ನನ್ನ ಅಜ್ಜಿ ಅದರ ಮೇಲೆ ಒಗೆದಿದ್ದಳು, ಅತ್ತೆ ಒಗೆದಳು, ರಜೆಗೆ ಹೋದಾಗ ನಮ್ಮಮ್ಮನೂ ಒಗೆದಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ, ಮೋರಿ ಅಗೆಯಬೇಕೆಂದು ನಾಲ್ಕು ಜನ ಹಾರೆ ಕೊಟ್ಟು ಅದನ್ನು ಮಗುಚಿದರು. ಕೆಳಮೈಯಲ್ಲಿ ಮನುಷ್ಯನೊಬ್ಬ ನಿಂತಿದ್ದ.

ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಗಿಡ್ಡ ಕತ್ತಿ. ತಲೆಗೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿದ್ದ. ಹೊಟ್ಟೆಗೆ ಎರಡು ಬಾಣ, ತೊಡೆಗೆ ಒಂದು ಬಾಣ ನಾಟಿದ್ದವು. ಕಾಲ ಬಳಿ ಅಂಗೈಯಷ್ಟಗಲದ ನಾಲ್ಕು ಹಸು. ತಲೆಯ ಮೇಲೆ ಚಾಮರ ಹಿಡಿದ ಇಬ್ಬರು ಹೆಂಗಸರು. ನೆತ್ತಿಯ ಅಂಚಿನಲ್ಲಿ ಕಮಾನಿನಂತೆ ಬಾಗಿದ ಒಂದು ಸಾಲು ಅಕ್ಷರ, ಮುಕ್ಕಾಲು ಪಾಲು ಸವೆದದ್ದು. ನಮ್ಮಪ್ಪ ಕೋಲಾರದ ಚಿನ್ನದ ಗಣಿ ಸೀಮೆಯಾದ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಹಿಡಿಯುತ್ತಿದ್ದವರು. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, "ಇಪ್ಪತ್ತು ವರ್ಷ ಕಲ್ಲು ಒಡೆದಿದೀನಿ, ಕಲ್ಲೊಳಗೆ ಮನುಷ್ಯ ಸಿಕ್ಕಿದ್ದು ಇದೇ ಮೊದಲು" ಅಂದರು.

ಮಾವ ಅವನನ್ನು ಹಿತ್ತಲ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದ. ಅತ್ತೆಗೆ ಒಗೆಯುವ ಕಲ್ಲು ಹೋಯಿತೆಂದು ವರ್ಷಗಟ್ಟಲೆ ಮುನಿಸು.

ಅದು ವೀರಗಲ್ಲು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಪುಸ್ತಕಗಳಲ್ಲಿ ಚಿತ್ರ ಹಾಕುವುದು ಸಾಮಾನ್ಯವಾಗಿ ಮೂರು ಅಂತಸ್ತಿನ ವೀರಗಲ್ಲಿನದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಹೊತ್ತೊಯ್ಯುವುದು, ಮೇಲೆ ಲಿಂಗ, ಸೂರ್ಯ, ಚಂದ್ರ. ಗಂಗರು, ಬಾಣರು, ನೊಳಂಬರ ಕಾಲದ ನಮ್ಮ ಸೀಮೆಯ ಕಲ್ಲುಗಳಲ್ಲಿ ಅಷ್ಟು ವಿಸ್ತಾರದ ಕತೆ ಕಡಿಮೆ. ಹೆಚ್ಚಿನವುಗಳಲ್ಲಿ ಒಂದೇ ಅಂಕಣ, ಒಬ್ಬನೇ ಆಳು, ಮೈಗೆ ನಾಟಿದ ಬಾಣಗಳು. ತುರುಗೊಳ್, ಅಂದರೆ ದನ ಹಿಡಿದುಕೊಂಡು ಹೋಗಲು ಬಂದವರ ಜೊತೆಗಿನ ಜಗಳ. ಸ್ವರ್ಗ ಅಂದರೆ ಆ ಇಬ್ಬರು ಚಾಮರದ ಹೆಂಗಸರು, ಅಷ್ಟೇ. ಗಂಡಸರದು ವೀರಗಲ್ಲಾದರೆ ಹೆಂಗಸರದು ಮಾಸ್ತಿಕಲ್ಲು. ಪಕ್ಕದ ಮಾಲೂರು ತಾಲ್ಲೂಕಿನಲ್ಲಿ ಒಂದು ಊರಿನ ಹೆಸರೇ ಮಾಸ್ತಿ. ಆ ಊರ ಹೆಸರನ್ನು ಕನ್ನಡದವರೆಲ್ಲ ಒಬ್ಬ ಕತೆಗಾರರ ಹೆಸರಾಗಿ ಬಲ್ಲರು. ಅದು ಮಹಾಸತಿಯಿಂದ ಬಂದದ್ದು ಅನ್ನುವುದು ಮಾತ್ರ ಬಹಳ ಜನರ ನೆನಪಿನಲ್ಲಿಲ್ಲ.

ಮೇಷ್ಟ್ರ ಕೆಲಸ ಸಿಕ್ಕ ಮೇಲೆ ಒಂದು ಭಾನುವಾರ ಮಾರಿಕುಪ್ಪದಿಂದ ಬರುವ ರೈಲು ಹತ್ತಿ ಬೆಂಗಳೂರಿನ ಮ್ಯೂಸಿಯಂಗೆ ಹೋದೆ. ನಮ್ಮ ಕಡೆಯ ಒಂದಾದರೂ ಕಲ್ಲು ಅಲ್ಲಿರಬೇಕು ಎಂಬ ಆಸೆ. ಆಸೆಗೆ ಕಾರಣವೂ ಇತ್ತು. ನಮ್ಮ ತಾಲ್ಲೂಕಿನ ಬಂಗಾರಪೇಟೆಯಲ್ಲಿ ಬಂಗಾರವಿಲ್ಲ, ಬಂಗಾರ ಇದ್ದದ್ದು ಹದಿನೈದು ಕಿಲೋಮೀಟರ್ ಆಚೆ, ಕೆ.ಜಿ.ಎಫ್‌ನಲ್ಲಿ. ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಹೆಸರು ಅದು. ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ರೈಲು ಬಂದದ್ದು 1864ರಲ್ಲಿ. ಮಾರನೆಯ ವರ್ಷ, 1865ರಲ್ಲಿ, ಅದೇ ಬೌರಿಂಗ್ ಆಡಳಿತದಲ್ಲಿ ಮ್ಯೂಸಿಯಂ ಶುರುವಾಯಿತು. ರೈಲು ಬಂದು ಬೇತಮಂಗಲದ ವ್ಯಾಪಾರವನ್ನು ಬೌರಿಂಗ್‌ಪೇಟೆಗೆ ಎಳೆಯಿತು, ಮುಂದೆ ತಾಲ್ಲೂಕು ಕಚೇರಿಯೂ ಅಲ್ಲಿಗೇ ಬಂತು.

ಮ್ಯೂಸಿಯಂ ಕಟ್ಟಲು ಓಡಾಡಿದವರು ಎಡ್ವರ್ಡ್ ಬಾಲ್ಫರ್ ಎಂಬ ಸೇನೆಯ ಡಾಕ್ಟರು. ಮದ್ರಾಸಿನಲ್ಲಿ 1851ರಲ್ಲಿ ತೆರೆದ ಮ್ಯೂಸಿಯಮ್ಮಿನ ಮೊದಲ ಮುಖ್ಯಸ್ಥರೂ ಅವರೇ. ಮೊದಲು ಬೆಂಗಳೂರಿನ ಮ್ಯೂಸಿಯಂ ಇದ್ದದ್ದು ದಂಡಿನ ಹಳೆ ಜೈಲಿನ ಕಟ್ಟಡದಲ್ಲಿ, ಮ್ಯೂಸಿಯಂ ರೋಡ್ ಎಂಬ ಹೆಸರು ಅದರಿಂದಲೇ ಉಳಿದಿದೆ. ಜನ ಅದನ್ನು ತಮಾಷಾ ಬಂಗಲೆ ಎನ್ನುತ್ತಿದ್ದರಂತೆ. ಕಬ್ಬನ್ ಪಾರ್ಕಿನ ಅಂಚಿನ ಈಗಿನ ಕೆಂಪು ಕಟ್ಟಡ 1877ರದು, ಕರ್ನಲ್ ಸ್ಯಾಂಕಿ ಕಟ್ಟಿಸಿದ್ದು.

ಒಳಗೆ ಹೊಕ್ಕರೆ ಹೊಯ್ಸಳರ ಬಳಪದ ಕಲ್ಲು ಮೊದಲು ಕಣ್ಣು ಸೆಳೆಯಿತು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಕಲ್ಲು, ಅದರಲ್ಲಿ ಬಳೆಯ ಕುಸುರಿಯನ್ನೂ ಬಿಡಿಸಬಹುದು. ನಮ್ಮದು ಕಣಶಿಲೆ. ಉಳಿಗೆ ಅದು ಮಣಿಯುವುದಿಲ್ಲ, ಮಣಿದರೂ ಕಣ್ಣು, ಮೂಗು, ಬಾಣ ಇಷ್ಟನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಪ್ರವಾಸಿಗಳು ಇಂಥ ಕಲ್ಲಿನ ಮುಂದೆ ನಿಲ್ಲದೆ ಹೋಗುವುದು ಅವರ ತಪ್ಪೇನಲ್ಲ.

ನಾನು ನಿಂತದ್ದು ಆತಕೂರಿನ ಕಲ್ಲಿನ ಮುಂದೆ. ಮಂಡ್ಯದ ಕಡೆಯದು, ಶಕ 872, ಅಂದರೆ ಕ್ರಿ.ಶ. 949-50. ಹಂದಿಯ ಮೇಲೆ ಎರಗಿದ ನಾಯಿ ಅದರಲ್ಲಿದೆ. ಅದರ ಶಾಸನ ಹೇಳುವ ಕತೆ ಇದು: ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಗಂಗರ ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದಾಗ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಜಮೀನು ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ತಕ್ಕೋಲ ಇರುವುದು ಅರಕ್ಕೋಣದ ಹತ್ತಿರ, ಬಂಗಾರಪೇಟೆಯಿಂದ ಮದ್ರಾಸಿಗೆ ಹೋಗುವ ರೈಲಿನಲ್ಲಿ ಎಷ್ಟೋ ಸಲ ನಾನು ಕಾಫಿ ಕುಡಿದ ಸ್ಟೇಷನ್. ಕಲ್ಲಿನ ಮುಂದೆ ನಿಂತಾಗ ಮಧ್ಯಾಹ್ನದ ಊಟದ ಹೊತ್ತು, ಕಾವಲಿನವರು ಬುತ್ತಿ ಬಿಚ್ಚುತ್ತಿದ್ದರು. ಪೂಜೆಯ ಕರಾರು ನೆನಪಾಗಿ ನನಗೆ ನಗು ಬಂತು.

ಬಂಗಾರಪೇಟೆ ಎಂದು ಬರೆದ ಚೀಟಿ ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಬೇರೆ ಕಡೆ, ಲೈಬ್ರರಿಯಲ್ಲಿ. ಬೆಂಜಮಿನ್ ಲೂಯಿಸ್ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, 1905ರದು, ಇಡೀ ಕೋಲಾರ ಜಿಲ್ಲೆಯ ಶಾಸನಗಳು. ಅದರಲ್ಲಿ ನಮ್ಮ ತಾಲ್ಲೂಕಿನ ಗುರುತು ಬಿ.ಪಿ., ಬೌರಿಂಗ್‌ಪೇಟೆ. (ನಮ್ಮ ಸ್ಟಾಫ್ ರೂಮಿನಲ್ಲಿ ಬಿ.ಪಿ. ನಂಬರು ಅಂದರೆ ಎಲ್ಲರೂ ನನ್ನ ಆರೋಗ್ಯ ವಿಚಾರಿಸುತ್ತಿದ್ದರು.) ಪುಟ ತಿರುವುತ್ತ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮ ಸೀಮೆಯ ಕಲ್ಲುಗಳು ಮ್ಯೂಸಿಯಂ ಸೇರಿದ್ದು ಹೀಗೆ, ಕಾಗದದಲ್ಲಿ. ಪಂಡಿತರು ಊರೂರಿಗೆ ಹೋಗಿ ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಕುಟ್ಟಿ ಅಕ್ಷರದ ಗುಂಡಿಗೆ ಇಳಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಒಣಗಿದ ಮೇಲೆ ಕಾಗದ ಸುತ್ತಿಕೊಂಡು ಹೋಗುತ್ತಿದ್ದರು. ಅಕ್ಷರ ಇದ್ದ ಕಲ್ಲಿಗೆ ನಂಬರು ಸಿಕ್ಕಿತು. ಚಿತ್ರ ಮಾತ್ರ ಇದ್ದ ಕಲ್ಲಿಗೆ ನಂಬರೂ ಸಿಗಲಿಲ್ಲ. ಚಪ್ಪಡಿಯಾಗಿ ಬೋರಲು ಮಲಗಿದ್ದ ನಮ್ಮ ಮನೆಯ ವೀರ ಅವರ ಕಣ್ಣಿಗೆ ಬೀಳುವುದಂತೂ ಸಾಧ್ಯವೇ ಇರಲಿಲ್ಲ.

ಆ ಅಕ್ಷರಗಳಿಂದಲೇ ನಾವು ಇವತ್ತು ಏನಾದರೂ ಹೇಳಬಲ್ಲೆವು ಅನ್ನುವುದೂ ನಿಜ. ಬೇತಮಂಗಲ ಎಂದರೆ ವಿಜಯಾದಿತ್ಯಮಂಗಲ, ಬಾಣ ಅರಸನ ಹೆಸರು. ಹತ್ತನೆಯ ಶತಮಾನದಲ್ಲಿ ಒಡೆದ ಕೆರೆಯನ್ನು ಇರಿವ ನೊಳಂಬ ಕಟ್ಟಿಸಿದ. ಅದೇ ಪಾಲಾರಿನ ಕೆರೆಯ ನೀರನ್ನು ಗಣಿ ಕಂಪನಿ ಕೊಳವೆಯಲ್ಲಿ ಕೆ.ಜಿ.ಎಫ್‌ಗೆ ತಂದಿತು. ಗಣಿಯವರ ಸಾಲಿನ ನಮ್ಮ ಲೈನ್ ಮನೆಯ ನಲ್ಲಿಯಲ್ಲಿ ನಾನು ಕುಡಿದು ಬೆಳೆದದ್ದು ನೊಳಂಬರ ಕೆರೆಯ ನೀರು. ನೊಳಂಬರ ಶಿಲ್ಪ ನೋಡಬೇಕೆಂದರೆ ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಬೇಕು, ಇಲ್ಲವೇ ಮದ್ರಾಸಿಗೆ. ಅವರ ರಾಜಧಾನಿ ಹೆಂಜೇರು, ಈಗ ಆಂಧ್ರದಲ್ಲಿರುವ ಹೇಮಾವತಿ, ಆಗ ಮದ್ರಾಸ್ ಪ್ರಾಂತ್ಯದ್ದು. ಅಲ್ಲಿಯ ಶಿಲ್ಪಗಳು ಬಾಲ್ಫರ್ ನೋಡಿಕೊಂಡ ಮದ್ರಾಸ್ ಮ್ಯೂಸಿಯಮ್ಮಿಗೆ ಹೋದವು, 1964ರಲ್ಲಿ ಸಿ. ಶಿವರಾಮಮೂರ್ತಿಯವರು ಅವುಗಳ ಮೇಲೆ ಪುಸ್ತಕವನ್ನೇ ಬರೆದರು. ಅದಕ್ಕೂ ಮುಂಚೆ ಚೋಳರು ನೊಳಂಬರ ಕಂಬಗಳನ್ನು ತಿರುವೈಯಾರಿಗೆ ಹೊತ್ತೊಯ್ದಿದ್ದರು. ಶಿಲ್ಪ ಸಂಗ್ರಹ ಬ್ರಿಟಿಷರು ಕಲಿಸಿದ ವಿದ್ಯೆಯೇನೂ ಅಲ್ಲ.

ಕಲ್ಲಿನ ವಿಷಯ ತಿಳಿಸಿ ನಾನು ಒಂದು ಕಚೇರಿಗೆ ಎರಡು ಸಲ ಅರ್ಜಿ ಬರೆದೆ. ಒಮ್ಮೆ ಒಬ್ಬರು ಬಂದು ಟೇಪು ಹಿಡಿದು ಅಳೆದರು, ಎಳನೀರು ಕುಡಿದರು, ಲಾರಿ ಕಳಿಸುತ್ತೇವೆ ಅಂದರು. ಲಾರಿ ಬರಲಿಲ್ಲ. "ಹೋಗ್ಲಿ ಬಿಡಪ್ಪಾ, ಇಷ್ಟು ವರ್ಷ ಇದ್ದೋನು ಇರ್ತಾನೆ" ಅಂದ ಮಾವ. ಅಷ್ಟು ಹೊತ್ತಿಗೆ ಅತ್ತೆ ಮುನಿಸು ಬಿಟ್ಟು ಅಮಾವಾಸ್ಯೆಗೊಮ್ಮೆ ಎಣ್ಣೆ ಅರಿಶಿನ ಹಚ್ಚಲು ಶುರುಮಾಡಿದ್ದಳು. ನಾಲ್ಕೈದು ವರ್ಷದಲ್ಲಿ ಎಣ್ಣೆ ಜಿಡ್ಡಿಗೆ ಮಣ್ಣು ಹಿಡಿದು ಆ ಒಂದು ಸಾಲು ಅಕ್ಷರವೂ ಮುಚ್ಚಿತು. ಪೂಜೆಯಿಂದಲೂ ಕಲ್ಲು ಸವೆಯುತ್ತದೆ ಅನ್ನುವುದನ್ನು ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಟನ್ನುಗಟ್ಟಲೆ ಕಲ್ಲು ಪುಡಿಮಾಡಿ, ಸಯನೈಡ್ ನೀರಿನಲ್ಲಿ ಕರಗಿಸಿದರೆ ನಾಲ್ಕಾರು ಗ್ರಾಂ ಚಿನ್ನ ಬರುತ್ತದೆ ಎಂದು ಮನೆಮನೆಗೂ ತಿಳಿದಿದ್ದ ಸೀಮೆ ನಮ್ಮದು. ಅದೇ ಸೀಮೆಯಲ್ಲಿ ವೀರಗಲ್ಲಿನ ಬುಡದಲ್ಲಿ ಕೊಪ್ಪರಿಗೆ ಇದೆ ಎಂದು ರಾತ್ರಿ ಗುದ್ದಲಿ ಹಿಡಿದು ಬರುವವರಿಗೂ ಬರವಿಲ್ಲ.

ಮಾವ, ಅತ್ತೆ ಇಬ್ಬರೂ ಹೋದ ಮೇಲೆ, ಒಂದು ಕಾರ್ತಿಕದಲ್ಲಿ ಆ ಮನೆಗೆ ಹೋದೆ. ಬೇವಿನ ಬುಡದಲ್ಲಿ ಮೊಣಕಾಲುದ್ದ ಗುಂಡಿ, ಹೋಳಾದ ನಿಂಬೆಹಣ್ಣು, ಕುಂಕುಮ. ಬುಡ ಸಡಿಲವಾಗಿ ವೀರ ಮತ್ತೆ ಬೋರಲು ಬಿದ್ದಿದ್ದ. ಮಾವನ ಮಗ, ನಾನು, ಪಕ್ಕದ ಮನೆಯ ಹುಡುಗ ಸೇರಿ ಹಾರೆ ಕೊಟ್ಟೆವು, ಕಲ್ಲು ಕದಲಲಿಲ್ಲ. ಅಷ್ಟರಲ್ಲಿ ಮಾವನ ಮಗನ ಹೆಂಡತಿ ಬಕೆಟ್ಟು ತಂದಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೋಪಿನ ಬಿಲ್ಲೆ ತೆಗೆದಳು.

"ಅಣ್ಣಾ, ಒಸಿ ಪಕ್ಕಕ್ಕೆ ಬರ್ತೀರಾ? ಮುಖ ಕೆಳಗಿದ್ರೆ ಸವೆಯಲ್ಲ ಬಿಡಿ."

ನಾನು ಹಾರೆಯನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದೆ.