ಡ್ರೈಯರ್ ತಿರುಗುತ್ತದೆ, ಬಿಸಿಯಾಗುವುದಿಲ್ಲ: ಮೆಕ್ಯಾನಿಕ್‌ ಕರೆಯುವ ಮುಂಚೆ ನೋಡಬೇಕಾದದ್ದು

ಮಂಗಳೂರಿನಿಂದ ಕಾಸರಗೋಡಿನವರೆಗೆ ಜೂನ್‌ನಲ್ಲಿ ಮಳೆ ಹಿಡಿದರೆ ಬಟ್ಟೆ ಒಣಗಿಸುವುದೇ ಮನೆಯ ದೊಡ್ಡ ತಲೆನೋವು. ಶಾಲೆಯ ಯೂನಿಫಾರಂ, ಮದ್ರಸಕ್ಕೆ ಹೋಗುವ ಮಕ್ಕಳ ಬಿಳಿ ಬಟ್ಟೆ ಎರಡು ದಿನವಾದರೂ ಹಸಿ ವಾಸನೆ ಬಿಡುವುದಿಲ್ಲ. ಅದಕ್ಕೆಂದೇ ತಂದ ಎಲೆಕ್ಟ್ರಿಕ್ ಡ್ರೈಯರ್‌ನ ಡ್ರಮ್ ತಿರುಗುತ್ತಿದ್ದರೂ ಬಟ್ಟೆ ತಣ್ಣಗೇ ಉಳಿದರೆ ಏನು ಮಾಡಬೇಕು?

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಪಕ್ಕದ ಸಣ್ಣ ಟಬ್ಬನ್ನೂ ಹೆಚ್ಚಿನವರು ಡ್ರೈಯರ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಹೀಟರ್ ಇಲ್ಲವೇ ಇಲ್ಲ. ಜೋರಾಗಿ ತಿರುಗಿ ನೀರು ಹಿಂಡುತ್ತದೆ, ಅಷ್ಟೆ. ಅದು ಬಿಸಿಯಾಗಲಿಲ್ಲವೆಂದು ರಿಪೇರಿಗೆ ಕೊಟ್ಟರೆ ದುಡ್ಡು ದಂಡ. ಹೀಟ್ ಪಂಪ್ ಮಾದರಿಯ ಡ್ರೈಯರ್ ಕೂಡಾ ಹದವಾದ ಬಿಸಿಯಲ್ಲೇ ನಿಧಾನವಾಗಿ ಒಣಗಿಸುತ್ತದೆ.

ಕಾಯಿಲ್ ಇರುವ ಡ್ರೈಯರ್ ಆದರೆ ತಣ್ಣನೆ ಗಾಳಿಯ ಸೆಟ್ಟಿಂಗ್‌ನಲ್ಲಿದೆಯೇ ಎಂದು ನೋಡಿ. ಬಳಿಕ ಕರೆಂಟ್. 2000 ವ್ಯಾಟ್‌ನ ಹೀಟರ್‌ಗೆ 16 ಆಂಪಿಯರ್‌ನ ಪವರ್ ಪ್ಲಗ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮಳೆಗಾಲದಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಹೀಟರ್‌ನ ಶಕ್ತಿ ಶೇ. 61ಕ್ಕೆ ಕುಸಿಯುತ್ತದೆ, ಮೆಷಿನ್ ಸರಿಯಿದ್ದರೂ ಬಟ್ಟೆ ಒಣಗುವುದಿಲ್ಲ. ಅಮೆರಿಕ, ಕೆನಡಾದಲ್ಲಿರುವವರ ಕಥೆ ಬೇರೆ. ಅಲ್ಲಿ ಹೀಟರ್‌ಗೆ 240 ವೋಲ್ಟ್ ಎರಡು ಲೈನ್‌ಗಳಿಂದ ಬರುತ್ತದೆ. ಒಂದು ಲೈನ್ ಹೋದರೆ ಡ್ರಮ್ 120 ವೋಲ್ಟ್‌ನಲ್ಲೇ ತಿರುಗುತ್ತಿರುತ್ತದೆ, ಬಿಸಿ ಮಾತ್ರ ಇಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲವೊಮ್ಮೆ ಸರಿಯಾಗುತ್ತದೆ.

ಇಷ್ಟಾದರೂ ಬಿಸಿ ಬಾರದಿದ್ದರೆ ಅನುಮಾನ ಬರಬೇಕಾದದ್ದು ನೂಲಿನ ಹೊಟ್ಟಿನ ಮೇಲೆ. ಬಟ್ಟೆಯಿಂದ ಉದುರುವ ಈ ಹೊಟ್ಟು ಫಿಲ್ಟರ್‌ನಲ್ಲಿ, ಗಾಳಿ ಹೊರಹೋಗುವ ಪೈಪ್‌ನಲ್ಲಿ ಕಟ್ಟಿಕೊಂಡರೆ ಗಾಳಿ ಓಡುವುದಿಲ್ಲ, ಒಳಗೆ ಬಿಸಿ ಮಿತಿಮೀರುತ್ತದೆ. ಆಗ ಥರ್ಮಲ್ ಫ್ಯೂಸ್ ತಾನು ಸುಟ್ಟು ಹೀಟರ್‌ನ ಕರೆಂಟ್ ಕಡಿಯುತ್ತದೆ. ಒಮ್ಮೆ ಹೋದ ಈ ಫ್ಯೂಸ್ ಮತ್ತೆ ಕೂಡುವುದಿಲ್ಲ, ಹೊಸದೇ ಹಾಕಬೇಕು.

ಕೆಲವರು ಫ್ಯೂಸ್ ತೆಗೆದು ವಯರ್ ಜೋಡಿಸಿ 'ಡೈರೆಕ್ಟ್' ಕೊಡುತ್ತಾರೆ. ಡ್ರೈಯರ್ ಆ ಕ್ಷಣಕ್ಕೆ ಬಿಸಿಯಾಗುತ್ತದೆ ನಿಜ. ಆದರೆ ಒಣ ಹೊಟ್ಟಿಗೆ ಬೆಂಕಿ ಹಿಡಿಯದಂತೆ ಕಾಯುವ ಕಾವಲನ್ನೇ ತೆಗೆದ ಹಾಗಾಯಿತು. ಮಕ್ಕಳು ಮಲಗಿರುವ ಮನೆಯಲ್ಲಿ ರಾತ್ರಿ ಹಾಗೆ ಓಡಿಸುವುದು ಹುಡುಗಾಟವಲ್ಲ.

ಮೀಟರ್ ಹಿಡಿಯಲು ಬಲ್ಲ ಯುವಕರು ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಹಿಂದಿನ ಮುಚ್ಚಳ ತೆಗೆದು ನೋಡಬಹುದು. ವಯರ್ ಬಿಡಿಸಿ ಅಳೆದಾಗ ಫ್ಯೂಸ್ ಸೊನ್ನೆಯ ಹತ್ತಿರ ತೋರಿಸಬೇಕು. 2000 ವ್ಯಾಟ್‌ನ ಕಾಯಿಲ್ ಸುಮಾರು 26 ಓಮ್ ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಆನ್ ಮಾಡಿದೊಡನೆ ಇಎಲ್‌ಸಿಬಿ ಬೀಳುತ್ತಿದ್ದರೆ ಕಾಯಿಲ್ ಬಾಡಿಗೆ ತಾಗಿರಬಹುದು. ಆಗ ಇಎಲ್‌ಸಿಬಿಯನ್ನು ತಪ್ಪಿಸಿ ಲೈನ್ ಕೊಡಲೇಬಾರದು, ಎಲೆಕ್ಟ್ರಿಷಿಯನ್‌ನ್ನು ಕರೆಯಿರಿ.

ಹೊಸ ಫ್ಯೂಸ್ ಹಾಕುವ ಮೊದಲು ಪೈಪ್ ಬಿಚ್ಚಿ ಹೊಟ್ಟು ತೆಗೆಯಬೇಕು. ಪೈಪ್ ಸ್ವಚ್ಛವಾಗಿದ್ದೂ ಫ್ಯೂಸ್ ಮತ್ತೆ ಹೋದರೆ, ಹೆಚ್ಚಾಗಿ ಥರ್ಮೋಸ್ಟಾಟ್ ಅಂಟಿಕೊಂಡಿರುತ್ತದೆ. ಅದನ್ನೂ ಬದಲಿಸಬೇಕು.